ಗೆರೆಗಳಲ್ಲಿ ಕಟ್ಟಿದ ಸಮುದ್ರ: ಕಾರೆಲ್ ಜೆಮಾನ್

ಒಳ್ಳೆ ಫ್ಯಾಂಟಸಿ ಸಿನಿಮಾ ಯಾವುದಾದ್ರೂ ಹೇಳು ಅಂತ ನಮ್ಮ ಕ್ಲಾಸಲ್ಲಿ ಯಾರನ್ನೇ ಕೇಳಿ, ಬರೋ ಉತ್ತರ ಎರಡೇ. ಒಂದು ಹ್ಯಾರಿ ಪಾಟರ್, ಇನ್ನೊಂದು ಲಾರ್ಡ್ ಆಫ್ ದಿ ರಿಂಗ್ಸ್. ಚೂಪು ಕಿವಿಯ ಎಲ್ಫ್‌ಗಳು, ಉದ್ದ ಗಡ್ಡದ ಮಾಂತ್ರಿಕ, ಒಂದು ಕತ್ತಿ, ಒಂದು ಉಂಗುರ, ಬೆಂಕಿ ಉಗುಳೋ ಡ್ರ್ಯಾಗನ್. ಇವು ಕೆಟ್ಟ ಸಿನಿಮಾ ಅಂತ ನಾನು ಹೇಳ್ತಿಲ್ಲ, ನಾನೂ ಮೂರ್ಮೂರು ಸಲ ನೋಡಿದ್ದೀನಿ. ಆದ್ರೆ ಫ್ಯಾಂಟಸಿ ಅಂದ್ರೆ ಇಷ್ಟೇ ಅಂದ್ಕೊಳ್ಳೋದು, ಊಟ ಅಂದ್ರೆ ಹಾಸ್ಟೆಲ್ ಮೆಸ್ಸಿನ ಅನ್ನ ಸಾರು ಮಾತ್ರ ಅಂದ್ಕೊಂಡ ಹಾಗೆ.

ಈ ಸಂಚಿಕೆಯಲ್ಲಿ ನಾನು ಪರಿಚಯ ಮಾಡಿಸ್ತಿರೋ ಮನುಷ್ಯನ ಸಿನಿಮಾಗಳಲ್ಲಿ ಎಲ್ಫ್ ಒಂದೂ ಇಲ್ಲ. ಹಬೆ ಎಂಜಿನ್ ಇದೆ, ಸಬ್‌ಮರೀನ್ ಇದೆ, ಗಾಳಿಹಡಗು ಇದೆ, ನೀರಿನ ಕೆಳಗೆ ಪೆಡಲ್ ತುಳಿದು ಓಡಿಸೋ ಗಾಡಿ ಇದೆ, ಕಾಲಿಗೆ ರೋಲರ್ ಸ್ಕೇಟ್ ಕಟ್ಟಿಕೊಂಡು ಜಾರುವ ಒಂಟೆಗಳಿವೆ. ಹೆಸರು ಕಾರೆಲ್ ಜೆಮಾನ್, ಚೆಕ್ ದೇಶದವರು. ಸಿನಿಮಾ ಇತಿಹಾಸ ಓದುವವರಿಗೆ ದೊಡ್ಡ ಹೆಸರು, ನಮ್ಮ ಕ್ಯಾಂಪಸ್ಸಿನಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ. ಅವರು ತೀರಿಕೊಂಡು ಮೂರೂವರೆ ದಶಕದ ಮೇಲಾಯ್ತು, ಅಂದ್ರೆ ನಮ್ಮಲ್ಲಿ ಯಾರೂ ಆಗ ಹುಟ್ಟೇ ಇರಲಿಲ್ಲ.

ಅವರ ಕಥೆಗೆ ಹೋಗೋ ಮುಂಚೆ ಒಂದು ಚಪ್ಪಲಿ ಅಂಗಡಿಗೆ ಹೋಗಬೇಕು. ಬಾಟಾ. ನಮ್ಮಲ್ಲಿ ಎಷ್ಟೋ ಜನ ಅದು ನಮ್ಮ ದೇಶದ್ದೇ ಕಂಪನಿ ಅಂದ್ಕೊಂಡಿದ್ದಾರೆ. ಸ್ಕೂಲ್ ಶೂ ಅಂದ್ರೆ ಬಾಟಾ, ಬಾತ್‌ರೂಮ್ ಚಪ್ಪಲಿ ಅಂದ್ರೆ ಬಾಟಾ, ಪ್ರತಿ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಆ ಕೆಂಪು ಬೋರ್ಡು. ನಿಜ ಹೇಳ್ಬೇಕಂದ್ರೆ ಬಾಟಾ ಹುಟ್ಟಿದ್ದು 1894ರಲ್ಲಿ, ಈಗ ಚೆಕ್ ದೇಶದಲ್ಲಿರುವ ಜ್ಲೀನ್ ಅನ್ನೋ ಊರಿನಲ್ಲಿ. ಕೋಲ್ಕತ್ತಾ ಪಕ್ಕದ ಬಾಟಾನಗರ ಆಮೇಲೆ, 1930ರ ದಶಕದಲ್ಲಿ ಬಂದಿದ್ದು. ಜ್ಲೀನ್ ಅಂದ್ರೆ ಇಡೀ ಊರೇ ಒಂದು ಫ್ಯಾಕ್ಟರಿ. ಕಾರ್ಮಿಕರಿಗೆ ಕಂಪನಿಯದೇ ಮನೆ, ಕಂಪನಿಯದೇ ಶಾಲೆ, ಕಂಪನಿಯದೇ ಆಸ್ಪತ್ರೆ. ಅಲ್ಲಿ 1930ರ ದಶಕದ ಕೊನೆಗೆ ಕಟ್ಟಿದ 16 ಮಹಡಿಯ ಆಫೀಸ್ ಕಟ್ಟಡದಲ್ಲಿ ಮಾಲೀಕನ ಕೋಣೆಯನ್ನೇ ಲಿಫ್ಟ್ ಒಳಗೆ ಮಾಡಿದ್ದರು. 6 ಮೀಟರ್ ಉದ್ದ, 6 ಮೀಟರ್ ಅಗಲ, ಒಳಗೆ ಮೇಜು, ಕುರ್ಚಿ, ಕೈ ತೊಳೆಯೋಕೆ ಸಿಂಕ್ ಕೂಡ. ಬಾಸ್ ಕೂತಲ್ಲೇ ಕೂತು ಯಾವ ಮಹಡಿಗೆ ಬೇಕಾದರೂ ಬರ್ತಾನೆ! ಸಿಂಕಿಗೆ ನೀರಿನ ಪೈಪ್ ಹೇಗೆ ಕೊಟ್ಟಿರಬಹುದು ಅಂತ ಸಿವಿಲ್‌ನವರು ಯೋಚನೆ ಮಾಡಿ.

ಇಂಥ ಕಂಪನಿಗೆ ತನ್ನ ಶೂಗಳ ಜಾಹೀರಾತು ಮಾಡೋಕೆ ಸ್ವಂತ ಫಿಲ್ಮ್ ಸ್ಟುಡಿಯೋನೇ ಬೇಕು ಅನಿಸಿತು. ಜ್ಲೀನ್ ಊರಾಚೆ ಗುಡ್ಡದ ಮೇಲೆ ಕುಡ್ಲೋವ್ ಅನ್ನೋ ಜಾಗದಲ್ಲಿ ಕಟ್ಟಿದರು. ನಾನು ಹೇಳ್ತಿರೋ ಮಾಯಾಲೋಕಗಳೆಲ್ಲ ಹುಟ್ಟಿದ್ದು ಆ ಜಾಹೀರಾತು ಸ್ಟುಡಿಯೋದ ಗೋಡೆಗಳ ಒಳಗೆ.

ಜೆಮಾನ್ ಹುಟ್ಟಿದ್ದು 1910ರ ನವೆಂಬರ್ 3ರಂದು, ಒಸ್ಟ್ರೊಮ್ಯೆರ್ ಅನ್ನೋ ಸಣ್ಣ ಊರಿನಲ್ಲಿ. ಆಗ ಆ ಜಾಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಭಾಗ. ಚಿಕ್ಕಂದಿನಿಂದ ಗೊಂಬೆಯಾಟದ ಹುಚ್ಚು. ಚೆಕ್ ಜನಕ್ಕೆ ಗೊಂಬೆಯಾಟ ಅಂದ್ರೆ ನಮ್ಮ ಕಡೆ ಯಕ್ಷಗಾನ ಇದ್ದ ಹಾಗೆ, ಮನೆಮನೆಯಲ್ಲೂ ಅದರ ಮಾತು. ಆದ್ರೆ ಅಪ್ಪ ಅಮ್ಮ ಎಲ್ಲ ಕಡೆ ಅಪ್ಪ ಅಮ್ಮನೇ. ಮಗ ವ್ಯಾಪಾರ ಕಲೀಲಿ ಅಂತ ಕೋಲಿನ್ ಊರಿನ ಬಿಸಿನೆಸ್ ಸ್ಕೂಲಿಗೆ ಹಾಕಿದರು. (ಇಲ್ಲಿ ಬ್ರಾಂಚ್ ಬಗ್ಗೆ ಯಾರಿಗಾದರೂ ಏನಾದರೂ ನೆನಪಾದರೆ ಅದಕ್ಕೆ ನಾನು ಜವಾಬ್ದಾರನಲ್ಲ.) ಹುಡುಗ ವ್ಯಾಪಾರ ಬಿಡಲಿಲ್ಲ, ಗೊಂಬೆಗಳನ್ನೂ ಬಿಡಲಿಲ್ಲ. ಎರಡೂ ಸೇರೋ ಜಾಗ ಒಂದೇ, ಜಾಹೀರಾತು. ಅದನ್ನ ಕಲಿಯೋಕೆ ಫ್ರಾನ್ಸಿಗೆ ಹೋದರು, ಅಲ್ಲೇ ಮಾರ್ಸೇಯ ಒಂದು ಜಾಹೀರಾತು ಸ್ಟುಡಿಯೋದಲ್ಲಿ ಕೆಲಸ ಮಾಡಿದರು. ಅವರು ಮೊದಲ ಸಲ ಅನಿಮೇಷನ್ ಮುಟ್ಟಿದ್ದು ಅಲ್ಲೇ, ಒಂದು ಸೋಪಿನ ಜಾಹೀರಾತಿಗೆ.

1936ರ ಹೊತ್ತಿಗೆ ವಾಪಸ್ ಊರಿಗೆ ಬಂದರು, ದಾರಿಯಲ್ಲಿ ಈಜಿಪ್ಟ್, ಗ್ರೀಸ್, ಯುಗೊಸ್ಲಾವಿಯಾ ಎಲ್ಲ ಸುತ್ತಿಕೊಂಡು. ಬಾಟಾ, ಟಾಟ್ರಾ ಥರದ ಕಂಪನಿಗಳಿಗೆ ಜಾಹೀರಾತು ಮಾಡಿಕೊಂಡಿದ್ದರು. ಟಾಟ್ರಾ ಕಾರು, ಲಾರಿ ಮಾಡೋ ಕಂಪನಿ, ನಮ್ಮ ಟಾಟಾ ಅಲ್ಲ. ಅಷ್ಟರಲ್ಲಿ 1939 ಬಂತು, ನಾಜಿ ಸೈನ್ಯ ಅವರ ದೇಶ ಹಿಡಿದುಕೊಂಡಿತು. ಜೆಮಾನ್ ಉತ್ತರ ಆಫ್ರಿಕಾದ ಕಾಸಾಬ್ಲಾಂಕಾದಲ್ಲಿ ಉಳಿದುಕೊಳ್ಳೋ ಪ್ರಯತ್ನ ಮಾಡಿದರು. ಕಾಗದಪತ್ರದ ತಕರಾರು, ಆಗಲಿಲ್ಲ. ಬೇರೆ ದಾರಿ ಇಲ್ಲದೆ ಆಕ್ರಮಿತ ದೇಶಕ್ಕೇ ವಾಪಸ್ ಬಂದರು. ಒಂದು ಆಫೀಸಿನ ಕೌಂಟರಿನಲ್ಲಿ ಒಂದು ಸೀಲು ಬಿದ್ದಿದ್ದರೆ ಈ ಲೇಖನ ಇರ್ತಿರಲಿಲ್ಲ, ಆ ಸಿನಿಮಾಗಳೂ ಇರ್ತಿರಲಿಲ್ಲ.

ಯುದ್ಧದ ಕಾಲದಲ್ಲಿ ಅವರು ಬ್ರನೋ ನಗರದ ಒಂದು ದೊಡ್ಡ ಅಂಗಡಿಯಲ್ಲಿ ಜಾಹೀರಾತು ವಿಭಾಗದ ಮುಖ್ಯಸ್ಥ. ಕೆಲಸ ಏನಪ್ಪಾ ಅಂದ್ರೆ ಅಂಗಡಿ ಮುಂದಿನ ಗಾಜಿನ ಕಪಾಟು ಅಲಂಕಾರ ಮಾಡೋದು. ಅಂಥ ಅಲಂಕಾರಕ್ಕೇ ಒಂದು ಸ್ಪರ್ಧೆ ನಡೀತು, ಜೆಮಾನ್ ಗೆದ್ದರು. ಗೆದ್ದವನ ಮೇಲೆ ಸುದ್ದಿಚಿತ್ರ ಮಾಡೋಕೆ ಜ್ಲೀನ್ ಸ್ಟುಡಿಯೋದಿಂದ ಎಲ್ಮಾರ್ ಕ್ಲೋಸ್ ಬಂದರು. ಈ ಕ್ಲೋಸ್ ಮುಂದೆ 'ದಿ ಶಾಪ್ ಆನ್ ಮೇನ್ ಸ್ಟ್ರೀಟ್' ಸಿನಿಮಾವನ್ನು ಇನ್ನೊಬ್ಬರ ಜೊತೆ ಸೇರಿ ನಿರ್ದೇಶಿಸಿ ಆಸ್ಕರ್ ಗೆಲ್ಲಿಸಿದವರು. ಅವರು ಕಪಾಟು ನೋಡಿದರು, ಕಪಾಟು ಜೋಡಿಸಿದವನನ್ನ ನೋಡಿದರು, ಸ್ಟುಡಿಯೋಗೆ ಬಾ ಅಂತ ಕರೆದರು. ಹೆಂಡತಿ ಮಕ್ಕಳು ಬ್ರನೋದಲ್ಲಿ ನೆಲೆಯಾಗಿದ್ದರಿಂದ ಜೆಮಾನ್ ತಕ್ಷಣ ಒಪ್ಪಲಿಲ್ಲ. ಕೊನೆಗೆ 1943ರಲ್ಲಿ ಹೋದರು. ಆಗ ವಯಸ್ಸು 32. ಸೇರಿದ್ದು ಹೆರ್ಮೀನಾ ಟೀರ್ಲೋವಾ ಅನ್ನೋ ಅನಿಮೇಷನ್ ನಿರ್ದೇಶಕಿಯ ಅಸಿಸ್ಟೆಂಟ್ ಆಗಿ.

ಅಂಗಡಿ ಕಪಾಟು ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಎದುರಿಗೆ ಗಾಜು, ಹಿಂದೆ ಬಣ್ಣ ಬಳಿದ ಪರದೆ, ನಡುವೆ ರಟ್ಟು, ಬಟ್ಟೆ, ಗೊಂಬೆ. ಇಷ್ಟರಲ್ಲೇ ದಾರಿಹೋಕ ನಿಂತು ನೋಡಬೇಕು. ಜೆಮಾನ್ ಜೀವನಪೂರ್ತಿ ಮಾಡಿದ್ದು ಇದನ್ನೇ ಅಂತ ನನಗನಿಸುತ್ತೆ, ಗಾತ್ರ ಮಾತ್ರ ದೊಡ್ಡದಾಯ್ತು.

ಯುದ್ಧ ಮುಗಿದ ಕೂಡಲೇ ಬಂದ ಮೊದಲ ಕಿರುಚಿತ್ರ 'ಕ್ರಿಸ್‌ಮಸ್ ಕನಸು'. ಹೊಸ ಆಟಿಕೆ ಬಂದ ಖುಷಿಗೆ ಹಳೇ ಬಟ್ಟೆ ಗೊಂಬೆಯನ್ನ ಮೂಲೆಗೆಸೆದ ಹುಡುಗಿ, ಕನಸಲ್ಲಿ ಜೀವ ಬಂದು ಕುಣಿಯೋ ಅದೇ ಗೊಂಬೆ. ನಿಜವಾದ ಹುಡುಗಿ, ಸ್ಟಾಪ್ ಮೋಷನ್ ಗೊಂಬೆ, ಎರಡೂ ಒಂದೇ ಸಿನಿಮಾದಲ್ಲಿ. 1946ರ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಆಮೇಲೆ ಪ್ರೊಕೌಕ್ ಅನ್ನೋ ಮೀಸೆ, ಟೋಪಿಯ ಮರದ ಗೊಂಬೆಯ ಸರಣಿ; ಚೆಕ್ ಮಕ್ಕಳಿಗೆ ಅವನು ಮನೆಯವನೇ ಆಗಿಬಿಟ್ಟ. ಅದಾದ ಮೇಲೆ 'ಇನ್ಸ್‌ಪಿರೇಷನ್' ಅನ್ನೋ ಕಿರುಚಿತ್ರ, ಕಿಟಕಿ ಮೇಲಿನ ಮಳೆಹನಿಯೊಳಗೆ ನಡೆಯೋ ಕಥೆ, ಪಾತ್ರಗಳೆಲ್ಲ ಗಾಜಿನವು. ಗಾಜಿನ ಕೈ ಬಗ್ಗಿಸೋಕಾಗುತ್ತಾ? ಮೆಟೀರಿಯಲ್ ಸೈನ್ಸ್ ಓದಿದ ಯಾರೂ ಕೈ ಹಾಕದ ಕೆಲಸ. ಅವರು ಹಾಕಿದರು.

ಈ ನಡುವೆ ದೇಶವೇ ಬದಲಾಗಿತ್ತು. ಸಿನಿಮಾ ಉದ್ಯಮ, ಬಾಟಾ ಫ್ಯಾಕ್ಟರಿ ಎರಡೂ 1945ರಲ್ಲೇ ಸರ್ಕಾರದ ಕೈಗೆ ಬಂದಿದ್ದವು. 1948ರಲ್ಲಿ ಕಮ್ಯುನಿಸ್ಟ್ ಆಡಳಿತ ಬಂತು, ಮರುವರ್ಷ ಜ್ಲೀನ್ ಊರಿನ ಹೆಸರನ್ನೇ ತೆಗೆದು ಅಧ್ಯಕ್ಷ ಗೊಟ್‌ವಾಲ್ಡ್ ಹೆಸರಲ್ಲಿ ಗೊಟ್‌ವಾಲ್ಡೊವ್ ಅಂತ ಇಟ್ಟರು. ಕಥೆ, ಕಾದಂಬರಿ, ಸಿನಿಮಾ ಎಲ್ಲದರಲ್ಲೂ ಕಾರ್ಮಿಕ, ಟ್ರ್ಯಾಕ್ಟರ್, ಸಮಾಜವಾದ ಕಾಣಬೇಕು ಅನ್ನೋ ಕಾಲ. ಕಲ್ಪನೆ ಮಾಡೋರಿಗೆ ಜಾಗ ಎಲ್ಲಿ? ಮಕ್ಕಳ ಸಿನಿಮಾದಲ್ಲಿ. ಮಕ್ಕಳಿಗೆ ತಾನೇ ಅಂತ ಮೇಲಿನವರು ಸ್ವಲ್ಪ ಸಡಿಲ ಬಿಡ್ತಾರೆ. ಜೆಮಾನ್ ಆ ಸಡಿಲದಲ್ಲೇ ಕೂತು ಕೆಲಸ ಮಾಡಿದರು ಅನ್ನೋದು ನನ್ನ ಓದು.

1955ರ 'ಜರ್ನಿ ಟು ದಿ ಬಿಗಿನಿಂಗ್ ಆಫ್ ಟೈಮ್' ನೋಡಿದರೆ ಇದು ಅರ್ಥ ಆಗುತ್ತೆ. ನಾಲ್ಕು ಹುಡುಗರು. ಸಣ್ಣವನಿಗೆ ಒಂದು ಟ್ರೈಲೊಬೈಟ್ ಪಳೆಯುಳಿಕೆ ಸಿಗುತ್ತೆ, ಅದನ್ನ ಜೀವಂತ ನೋಡಬೇಕು ಅಂತ ಹಠ. ದೋಣಿ ಹತ್ತುತ್ತಾರೆ. ನದಿಯಲ್ಲಿ ಮುಂದೆ ಹೋದಷ್ಟೂ ಕಾಲ ಹಿಂದೆ ಹೋಗುತ್ತೆ. ಮೊದಲು ಹಿಮಯುಗದ ಮ್ಯಾಮತ್, ಆಮೇಲೆ ಡೈನೋಸಾರ್, ಆಮೇಲೆ ಕಲ್ಲಿದ್ದಲು ಆಗೋಕೆ ಕಾಯ್ತಿರೋ ಕಾಡು, ಕೊನೆಗೆ ಜೀವವೇ ಇಲ್ಲದ ನೆಲ, ಬರೀ ಸಮುದ್ರ. ಮಂತ್ರ ಇಲ್ಲ, ಟೈಮ್ ಮಷೀನ್ ಇಲ್ಲ, ಹೇಗೆ ಹೋದರು ಅನ್ನೋದಕ್ಕೆ ವಿವರಣೆಯೂ ಇಲ್ಲ. ಆದ್ರೆ ಪ್ರಾಣಿಗಳ ವಿಷಯದಲ್ಲಿ ಆಟ ಆಡಲಿಲ್ಲ. ಯೋಸೆಫ್ ಆಗುಸ್ತಾ ಅನ್ನೋ ಪಳೆಯುಳಿಕೆ ವಿಜ್ಞಾನಿ ಸಲಹೆಗಾರ, ಜ್ಡೆನೆಕ್ ಬುರಿಯಾನ್ ಬರೆದ ಪ್ರಾಚೀನ ಪ್ರಾಣಿಗಳ ವರ್ಣಚಿತ್ರಗಳೇ ಮಾದರಿ. ಒಂದು ಸೀನಿದೆ: ರಾತ್ರಿ ಕಾಳಗದಲ್ಲಿ ಸತ್ತ ಸ್ಟೆಗೊಸಾರಸ್ಸನ್ನ ಬೆಳಿಗ್ಗೆ ಹುಡುಗರು ಹೋಗಿ ಮುಟ್ಟಿ, ಅಳೆದು, ಅದರ ಮೇಲೆ ಹತ್ತಿ ಪರೀಕ್ಷೆ ಮಾಡ್ತಾರೆ. ಜುರಾಸಿಕ್ ಪಾರ್ಕಿನಲ್ಲಿ ಎಲ್ಲರೂ ಓಡ್ತಾರೆ, ಇಲ್ಲಿ ಹುಡುಗರು ನೋಟ್ಸ್ ಬರೀತಾರೆ. ನನಗೆ ಇದು ತುಂಬಾ ಇಷ್ಟ ಆಯ್ತು.

ಈಗ ಮುಖ್ಯ ಸಿನಿಮಾಗೆ ಬರೋಣ. 1958ರ 'ಇನ್ವೆನ್ಷನ್ ಫಾರ್ ಡಿಸ್ಟ್ರಕ್ಷನ್'. ಚೆಕ್‌ನಲ್ಲಿ ವಿನಾಲೆಜ್ ಜ್ಕಾಜಿ. ಒಂದೇ ಒಂದು ನೋಡ್ತೀನಿ ಅನ್ನೋರು ಇದನ್ನ ನೋಡಿ.

ಜೆಮಾನ್ ಚಿಕ್ಕವರಿದ್ದಾಗಿಂದ ಜೂಲ್ಸ್ ವರ್ನ್ ಕಾದಂಬರಿಗಳ ಅಭಿಮಾನಿ. ಆ ಹಳೇ ಪುಸ್ತಕಗಳಲ್ಲಿ ಎದುವಾರ್ ರಿಯೂ, ಲಿಯೋನ್ ಬೆನೆಟ್ ಮುಂತಾದವರ ಚಿತ್ರಗಳಿದ್ದವು. ಮರದ ಹಲಗೆ ಮೇಲೆ ಕೆತ್ತಿ ಅಚ್ಚು ಹಾಕಿದ ಚಿತ್ರಗಳು ಅವು. ಅಂಥ ಅಚ್ಚಿನಲ್ಲಿ ಒಂದೋ ಕಪ್ಪು ಬರುತ್ತೆ ಇಲ್ಲವೇ ಬಿಳಿ, ನಡುವಿನ ಬೂದು ಬಣ್ಣ ಬರೋದೇ ಇಲ್ಲ. ಹಾಗಾದ್ರೆ ನೆರಳು ತೋರಿಸೋದು ಹೇಗೆ? ಗೆರೆ ಹಾಕಿ. ಗೆರೆ ಹತ್ತಿರ ಹತ್ತಿರ ಬಂದರೆ ಕತ್ತಲು, ದೂರ ಹೋದರೆ ಬೆಳಕು. ಫಸ್ಟ್ ಇಯರ್ ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಸೆಕ್ಷನ್ ವ್ಯೂಗೆ 45 ಡಿಗ್ರಿ ಹ್ಯಾಚಿಂಗ್ ಎಳೆದು ಎಳೆದು ಕೈ ನೋಯಿಸಿಕೊಂಡಿದ್ದೀವಲ್ಲ, ಸರಿಯಾಗಿ ಅದೇ.

ವರ್ನ್ ಕಥೆಗಳನ್ನ ಸಿನಿಮಾ ಮಾಡಿದವರು ಬೇಕಾದಷ್ಟು ಜನ. ಎಲ್ಲರೂ ನಿಜವಾದ ಸಬ್‌ಮರೀನ್ ಥರ ಕಾಣೋ ಸೆಟ್ ಕಟ್ಟಿದರು. ಜೆಮಾನ್ ಉಲ್ಟಾ ಯೋಚನೆ ಮಾಡಿದರು. ವರ್ನ್ ಲೋಕ ಇರೋದು ಆ ಗೆರೆಗಳಲ್ಲಿ, ಹಾಗಾಗಿ ಜೀವಂತ ನಟರನ್ನೇ ಆ ಗೆರೆಗಳೊಳಗೆ ನಡೆಸಬೇಕು.

ಹೇಗೆ ಮಾಡಿದರು ಅನ್ನೋದು ಕೇಳಿ, ನಮ್ಮಂಥವರಿಗೆ ಇದೇ ಅಸಲಿ ಮಜಾ. ಸೆಟ್ಟಿನ ಗೋಡೆ, ನೆಲ, ಮೇಜು, ಹಡಗಿನ ಪಕ್ಕೆ ಎಲ್ಲದರ ಮೇಲೆ ಗೆರೆ ಬಳಿದರು. ನಟರ ಬಟ್ಟೆ ಮೇಲೂ ಗೆರೆ. ಸಾಲದ್ದಕ್ಕೆ ಕೆಲವು ಕಡೆ ಇಡೀ ದೃಶ್ಯದ ಮೇಲೇ ಗೆರೆಗಳ ಇನ್ನೊಂದು ಪದರ. ಇನ್ನು ಗಾತ್ರದ ಸಮಸ್ಯೆ. ದೊಡ್ಡ ಯಂತ್ರ ಕಟ್ಟೋಕೆ ದುಡ್ಡಿಲ್ಲ. ನಮಗೆ ಎರಡು ಕಣ್ಣು, ಅದಕ್ಕೇ ದೂರ ಹತ್ತಿರ ಗೊತ್ತಾಗುತ್ತೆ. ಕ್ಯಾಮೆರಾಗೆ ಇರೋದು ಒಂದೇ ಕಣ್ಣು. ಸಣ್ಣ ರಟ್ಟಿನ ಮಾಡೆಲ್ ಅನ್ನು ಲೆನ್ಸಿನ ಹತ್ತಿರ ಇಟ್ಟು, ನಟನನ್ನ ದೂರ ನಿಲ್ಲಿಸಿ, ಎರಡರ ಅಂಚು ಸರಿಯಾಗಿ ಹೊಂದಿಸಿದರೆ ನಟ ಆ ಯಂತ್ರದ ಪಕ್ಕದಲ್ಲೇ ನಿಂತಿದ್ದಾನೆ ಅಂತ ಕ್ಯಾಮೆರಾ ನಂಬುತ್ತೆ. ಅದೂ ಸಾಲದಿದ್ದರೆ ಲೆನ್ಸಿನ ಮುಂದೆ ಅರ್ಧ ಭಾಗ ಮುಚ್ಚಿ ಶೂಟ್ ಮಾಡೋದು, ಫಿಲ್ಮ್ ರೀಲನ್ನ ಹಿಂದಕ್ಕೆ ಸುತ್ತಿ, ಈ ಸಲ ಉಳಿದರ್ಧ ಮುಚ್ಚಿ ಮತ್ತೆ ಶೂಟ್ ಮಾಡೋದು. ಒಂದೇ ಫ್ರೇಮಿನಲ್ಲಿ ಮೇಲೆ ಬಣ್ಣ ಬಳಿದ ಆಕಾಶ, ಕೆಳಗೆ ನಿಜವಾದ ಮನುಷ್ಯ. ಲೆಕ್ಕ ಸ್ವಲ್ಪ ತಪ್ಪಿದರೂ ನಡುವೆ ಒಂದು ಗೀಟು ಕಾಣುತ್ತೆ, ಎಲ್ಲ ಮೊದಲಿಂದ ಶುರು. ಅನ್‌ಡೂ ಬಟನ್ ಇಲ್ಲ. ಹಕ್ಕಿ, ಮೀನು, ಗಾಳಿಯಂತ್ರ ಇವೆಲ್ಲ ಕತ್ತರಿಸಿದ ಕಾಗದದ ತುಂಡುಗಳು, ಒಂದೊಂದು ಫ್ರೇಮಿಗೂ ಕೈಯಲ್ಲಿ ಸರಿಸಬೇಕು. ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಲೆಕ್ಕ ಹಾಕಿ.

ಇದೇ ಹೊತ್ತಿಗೆ, 1957ರಲ್ಲಿ, ನಮ್ಮ ದಕ್ಷಿಣದಲ್ಲಿ 'ಮಾಯಾಬಜಾರ್' ಬಂದಿತ್ತು. ಘಟೋತ್ಕಚನ ಮುಂದೆ ಲಡ್ಡು ತಾನಾಗೇ ಬಾಯಿಗೆ ಹಾರೋ ಸೀನ್ ಎಲ್ಲರೂ ನೋಡಿರ್ತೀರ. ಮಾರ್ಕಸ್ ಬಾರ್ಟ್ಲಿ ಅನ್ನೋ ಕ್ಯಾಮೆರಾಮನ್ ಕೂಡ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕ್ಯಾಮೆರಾ ಒಳಗೇ ಮೋಡಿ ಮಾಡ್ತಿದ್ದರು. ಇಬ್ಬರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗೆ ಇತ್ತು ಅಂತೇನೂ ಅಲ್ಲ. ಆ ಕಾಲದಲ್ಲಿ ಎಲ್ಲಾ ಕಡೆ ಕೈಗಳು ಹೀಗೇ ಕೆಲಸ ಮಾಡ್ತಿದ್ದವು. ಒಂದು ದೊಡ್ಡ ವ್ಯತ್ಯಾಸ ಅಂದ್ರೆ, ಮಾಯಾಬಜಾರ್ ಟ್ರಿಕ್ಕನ್ನ ಮುಚ್ಚಿಡುತ್ತೆ. ಜೆಮಾನ್ ಮುಚ್ಚಿಡೋದೇ ಇಲ್ಲ. ಇದು ಕಾಗದ ಅಂತ ನಿಮಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತೆ, ಗೊತ್ತಾದ ಮೇಲೂ ಹಡಗು ಮುಳುಗುವಾಗ ಹೊಟ್ಟೆ ಚುರ್ ಅನ್ನುತ್ತೆ. ಈಗಿನ ನೂರಾರು ಕೋಟಿ ಸಿಜಿ ಸಿನಿಮಾಗಳಲ್ಲಿ ಇದರ ಉಲ್ಟಾ ನಡೀತಿದೆ ಅನ್ನೋದು ನನ್ನ ಸ್ವಂತ ದೂರು: ಎಲ್ಲ ನಿಜದ ಥರ ಕಾಣುತ್ತೆ, ಏನೂ ಅನಿಸಲ್ಲ.

ಕಥೆ ಏನು? ಪ್ರೊಫೆಸರ್ ರೋಶ್ ಅನ್ನೋ ವಿಜ್ಞಾನಿ ಭಯಂಕರ ಶಕ್ತಿಯ ಸ್ಫೋಟಕ ಕಂಡುಹಿಡೀತಾ ಇದ್ದಾನೆ. ಕೌಂಟ್ ಆರ್ಟಿಗಾಸ್ ಅನ್ನೋ ಶ್ರೀಮಂತ ಕಡಲ್ಗಳ್ಳ ಅವನನ್ನೂ, ಅವನ ಜೊತೆಗಿದ್ದ ಯುವ ಇಂಜಿನಿಯರ್ ಸಿಮೋನ್ ಹಾರ್ಟ್‌ನನ್ನೂ ಅಪಹರಿಸಿ ಒಂದು ಜ್ವಾಲಾಮುಖಿ ದ್ವೀಪದೊಳಗೆ ಇಡ್ತಾನೆ. ಇಲ್ಲೇ ವಿಷಯ ಇರೋದು. ಪ್ರೊಫೆಸರ್‌ನನ್ನ ಹೊಡೆಯೋದಿಲ್ಲ, ಹೆದರಿಸೋದಿಲ್ಲ. ಅವನಿಗೆ ಒಳ್ಳೆ ಲ್ಯಾಬ್ ಕೊಡ್ತಾರೆ, ಬೇಕಾದ ಉಪಕರಣ ಕೊಡ್ತಾರೆ, ದುಡ್ಡು ಕೊಡ್ತಾರೆ. ಅವನು ಖುಷಿಯಾಗಿ ಕೆಲಸ ಮಾಡ್ತಾನೆ! ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಕೇಳೋದೇ ಇಲ್ಲ. ಅವನು ಕೆಟ್ಟವನಲ್ಲ. ಅವನಿಗೆ ಪ್ರಾಬ್ಲಮ್ ಸಾಲ್ವ್ ಆಗಬೇಕು ಅಷ್ಟೇ. ಹಾರ್ಟ್ ಹೊರಗಿನ ಜಗತ್ತಿಗೆ ಹೇಗಾದರೂ ಸುದ್ದಿ ಮುಟ್ಟಿಸೋಕೆ ಒದ್ದಾಡ್ತಾನೆ. ಕೊನೆ ಏನಾಗುತ್ತೆ ಅಂತ ಹೇಳಲ್ಲ.

ವರ್ನ್ ಇದರ ಮೂಲ ಕಾದಂಬರಿ ಬರೆದಿದ್ದು 1896ರಲ್ಲಿ. ಜೆಮಾನ್ ಸಿನಿಮಾ ಮಾಡುವಾಗ ಹಿರೋಶಿಮಾ ಆಗಿ 13 ವರ್ಷ, ಅಮೆರಿಕ ಮತ್ತು ಸೋವಿಯತ್ ಎರಡೂ ಹೈಡ್ರೋಜನ್ ಬಾಂಬ್ ಇಟ್ಟುಕೊಂಡು ಕೂತಿದ್ದ ಕಾಲ. ಗಡ್ಡದ ಮಾಂತ್ರಿಕರ ಕಥೆಗಳಲ್ಲಿ ಕೆಟ್ಟದ್ದು ಎಲ್ಲಿಂದ ಬರುತ್ತೆ ಅಂದ್ರೆ ಕಪ್ಪು ಕೋಟೆಯಿಂದ, ಕೆಟ್ಟವನ ಮುಖ ನೋಡಿದರೇ ಗೊತ್ತಾಗುತ್ತೆ. ಇಲ್ಲಿ ಅದು ಒಂದು ಅಚ್ಚುಕಟ್ಟಾದ ಲ್ಯಾಬಿನಿಂದ ಬರುತ್ತೆ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಕಂಪನಿ ಏನು ಮಾಡುತ್ತೆ ಅಂತ ನೋಡದೆ ಪ್ಯಾಕೇಜ್ ಮಾತ್ರ ನೋಡೋ ನಮಗೆ, ಪ್ರೊಫೆಸರ್ ರೋಶ್ ಅಷ್ಟೇನೂ ದೂರದ ಸಂಬಂಧಿ ಅಲ್ಲ.

ಆ ವರ್ಷ ಬ್ರಸೆಲ್ಸ್‌ನಲ್ಲಿ ವಿಶ್ವ ಪ್ರದರ್ಶನ ನಡೀತಿತ್ತು, ಅಲ್ಲಿನ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಈ ಸಿನಿಮಾಗೆ ಬಂತು. 1961ರಲ್ಲಿ ಅಮೆರಿಕದ ಥಿಯೇಟರುಗಳಿಗೂ ಹೋಯ್ತು, ಅಲ್ಲಿ ಹೆಸರು ಬದಲಾಯಿಸಿ 'ದಿ ಫ್ಯಾಬ್ಯುಲಸ್ ವರ್ಲ್ಡ್ ಆಫ್ ಜೂಲ್ಸ್ ವರ್ನ್' ಅಂತ ಮಾಡಿದರು. ಶೀತಲ ಸಮರದ ನಡುವೆ ಕಮ್ಯುನಿಸ್ಟ್ ದೇಶದ ಸಿನಿಮಾ ಅಮೆರಿಕದಲ್ಲಿ ಓಡೋದು ಸಣ್ಣ ಮಾತಲ್ಲ.

ಮುಂದಿನದು 'ಬ್ಯಾರನ್ ಪ್ರಾಶಿಲ್', ಇಂಗ್ಲಿಷಿನಲ್ಲಿ 'ದಿ ಫ್ಯಾಬ್ಯುಲಸ್ ಬ್ಯಾರನ್ ಮಂಚೌಸನ್'. ಗಗಾರಿನ್ ಅಂತರಿಕ್ಷಕ್ಕೆ ಹೋದ 1961ರಲ್ಲೇ ತಯಾರಾದದ್ದು. ಟೋನಿಕ್ ಅನ್ನೋ ಗಗನಯಾತ್ರಿ ಚಂದ್ರನ ಮೇಲೆ ಇಳೀತಾನೆ. ನಾನೇ ಮೊದಲಿಗ ಅಂದ್ಕೊಂಡ್ರೆ ಅಲ್ಲಿ ಆಗಲೇ ಜನ ಇದ್ದಾರೆ: ವರ್ನ್ ಕಾದಂಬರಿಯ ಪಾತ್ರಗಳು, ಕವಿ ಸಿರಾನೊ, ಸುಳ್ಳುಗಳ ಸರದಾರ ಬ್ಯಾರನ್ ಮಂಚೌಸನ್. ಕನಸು ಕಂಡವರು ರಾಕೆಟ್‌ಗಿಂತ ಮುಂಚೆ ಬಂದು ಟೇಬಲ್ ಹಾಕಿಕೊಂಡು ಕೂತಿದ್ದಾರೆ! ಅವರು ಗಗನಯಾತ್ರಿಯನ್ನೇ ಚಂದ್ರಲೋಕದವನು ಅಂದ್ಕೊಂಡು, ಭೂಮಿ ತೋರಿಸೋಕೆ ರೆಕ್ಕೆ ಕುದುರೆಗಳ ಹಡಗಿನಲ್ಲಿ ಕರಕೊಂಡು ಬರ್ತಾರೆ. ಇಲ್ಲಿ ಮಾದರಿ ಗುಸ್ತಾವ್ ಡೋರೆಯ ಕೆತ್ತನೆಗಳು, ಅದಕ್ಕೆ ಮೇಲೆ ಬಣ್ಣ ಬಣ್ಣ. ಕಥೆ ಕೆಲವು ಕಡೆ ಎಳೆಯುತ್ತೆ, ಒಪ್ಕೋತೀನಿ. ಫ್ರೇಮುಗಳು ಮಾತ್ರ ಒಂದೊಂದೂ ಪೋಸ್ಟರ್ ಮಾಡಿ ರೂಮಿಗೆ ಅಂಟಿಸೋ ಹಾಗಿವೆ. ಮುಂದೆ 1988ರಲ್ಲಿ ಇದೇ ಬ್ಯಾರನ್ ಮೇಲೆ ಸಿನಿಮಾ ಮಾಡಿದ ಟೆರ್ರಿ ಗಿಲಿಯಮ್, ಜೆಮಾನ್ ಅಭಿಮಾನಿ.

1964ರ 'ಎ ಜೆಸ್ಟರ್ಸ್ ಟೇಲ್' ಬೇರೆ ಥರ. ಯುರೋಪಿನ ಮೂವತ್ತು ವರ್ಷದ ಯುದ್ಧದ ಕಾಲ. ಹೊಲ ಉಳ್ತಿದ್ದ ಹುಡುಗನನ್ನ ಹಿಡಿದು ಸೈನ್ಯಕ್ಕೆ ಸೇರಿಸ್ತಾರೆ. ಯಾರು ಗೆಲ್ತಾರೆ ಅನ್ನೋದು ಗಾಳಿ ಬೀಸಿದ ಕಡೆ. ಹಳೇ ಭೂಪಟಗಳ ಮೂಲೆಯಲ್ಲಿ ಕೆನ್ನೆ ಉಬ್ಬಿಸಿ ಊದುವ ಮುಖಗಳು ಇರ್ತಾವಲ್ಲ, ಆ ಮುಖವೇ ಆಕಾಶದಲ್ಲಿ ಊದಿ ಯುದ್ಧದ ದಿಕ್ಕು ತಿರುಗಿಸುತ್ತೆ. ಗಾಳಿ ತಿರುಗಿದ ಹಾಗೆ ದೊಡ್ಡವರು ಪಕ್ಷ ಬದಲಾಯಿಸ್ತಾರೆ. ನಾಜಿಗಳನ್ನೂ, ಆಮೇಲೆ ಬಂದವರನ್ನೂ ಕಂಡ ದೇಶದಲ್ಲಿ ಇದು ಬರೀ ಹದಿನೇಳನೇ ಶತಮಾನದ ಕಥೆ ಅಂತ ಯಾರು ನಂಬ್ತಾರೆ?

1966ರ 'ದಿ ಸ್ಟೋಲನ್ ಏರ್‌ಶಿಪ್' ಹಗುರ, ಐದು ಹುಡುಗರು ಪ್ರಾಗ್ ವಸ್ತುಪ್ರದರ್ಶನದಿಂದ ಗಾಳಿಹಡಗು ಹಾರಿಸಿಕೊಂಡು ಹೋಗೋದು. ರಜೆಯಲ್ಲಿ ತಮ್ಮ ತಂಗಿಯರ ಜೊತೆ ಕೂತು ನೋಡಬಹುದು. ಅದಾದ ಮೇಲೆ 1968ರ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗಿಗೆ ನುಗ್ಗಿದವು. ಎಷ್ಟೋ ಚೆಕ್ ನಿರ್ದೇಶಕರು ದೇಶ ಬಿಟ್ಟರು, ಎಷ್ಟೋ ಜನರಿಗೆ ಕೆಲಸ ನಿಂತಿತು. ಜೆಮಾನ್ ಹೋಗಲಿಲ್ಲ. 1970ರಲ್ಲಿ 'ಆನ್ ದಿ ಕಾಮೆಟ್' ಮಾಡಿದರು. ಧೂಮಕೇತು ಒಂದು ಭೂಮಿಯ ಪಕ್ಕ ಹಾದು ಉತ್ತರ ಆಫ್ರಿಕಾದ ಒಂದು ತುಂಡನ್ನ ಕಿತ್ತುಕೊಂಡು ಹೋಗುತ್ತೆ. ತುಂಡಿನ ಜೊತೆ ಜನರೂ ಹೋಗ್ತಾರೆ. ಹೋದರೂ ಅಲ್ಲಿ ಅದೇ ಜಗಳ, ಅದೇ ಬಾವುಟ, ಅದೇ ಸೈನ್ಯ. ಅದೇ ವರ್ಷ ಸರ್ಕಾರ ಅವರಿಗೆ ರಾಷ್ಟ್ರೀಯ ಕಲಾವಿದ ಅನ್ನೋ ಬಿರುದನ್ನೂ ಕೊಟ್ಟಿತು. ಇದನ್ನ ಹೇಗೆ ತಗೋಬೇಕು ಅಂತ ನನಗೆ ಪೂರ್ತಿ ಸ್ಪಷ್ಟ ಇಲ್ಲ. ಉಳಿದುಕೊಂಡು ಕೆಲಸ ಮಾಡೋದು ಸೋಲೋ ಧೈರ್ಯವೋ, ಹೊರಗೆ ಕೂತ ನಾವು ಹೇಳೋದು ಸುಲಭ ಅಲ್ಲ.

ಅಲ್ಲಿಂದಾಚೆ ನಟರನ್ನು ಬಿಟ್ಟು ಮತ್ತೆ ಪೂರ್ತಿ ಅನಿಮೇಷನ್‌ಗೆ ಮರಳಿದರು. ಕತ್ತರಿಸಿದ ಚಿತ್ರಗಳಲ್ಲಿ ಸಿಂದಬಾದನ ಕಥೆಗಳು, ಅದಾದ ಮೇಲೆ 1970ರ ದಶಕದ ಕೊನೆಗೆ 'ಕ್ರಾಬಾಟ್'. ಮಾಂತ್ರಿಕರಿಲ್ಲ ಅಂತ ಹೇಳಿ ಕೊನೆಗೆ ಮಾಂತ್ರಿಕನನ್ನೇ ತಂದೆ ಅಂತ ಬೈಬೇಡಿ, ಇಲ್ಲಿ ಒಬ್ಬ ಇದ್ದಾನೆ. ಆದ್ರೆ ಇದು ಹಾಗ್ವರ್ಟ್ಸ್ ಅಲ್ಲ. ಜರ್ಮನಿಯ ಲುಸಾಟಿಯಾದಲ್ಲಿ ಬದುಕೋ ಸೋರ್ಬ್ ಅನ್ನೋ ಸಣ್ಣ ಜನಾಂಗದ ದಂತಕಥೆ. ಭಿಕ್ಷೆ ಬೇಡೋ ಅನಾಥ ಹುಡುಗ ಒಂದು ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಸೇರ್ತಾನೆ. ಯಜಮಾನ ಮಾಟಗಾರ. ಕೆಲಸದ ಹುಡುಗರನ್ನ ಕಾಗೆಗಳನ್ನಾಗಿ ಮಾಡಿ ವಿದ್ಯೆ ಹೇಳಿಕೊಡ್ತಾನೆ, ವರ್ಷಕ್ಕೊಬ್ಬ ಸಾಯಲೇಬೇಕು. ಅಲ್ಲಿ ಮಂತ್ರ ಅಂದ್ರೆ ವರ ಅಲ್ಲ, ಜೀತ. ಮಕ್ಕಳ ಸಿನಿಮಾ ಅನ್ನೋ ಬೋರ್ಡಿನ ಕೆಳಗೆ ಇಷ್ಟು ಕಪ್ಪು ಕಥೆ ನಾನು ಬೇರೆ ನೋಡಿಲ್ಲ. ರಾತ್ರಿ ಒಬ್ಬರೇ ನೋಡಬೇಡಿ.

1980ರಲ್ಲಿ ಕೊನೆಯ ಸಿನಿಮಾ, ಹೊಂಜಿಕ್ ಮತ್ತು ಮಾರ್ಝೆಂಕಾ ಅನ್ನೋ ಜೋಡಿಯ ಜನಪದ ಕಥೆ. ಮಗಳು ಲುದ್ಮಿಲಾ ಜೆಮಾನ್ ಅಪ್ಪನ ಜೊತೆ ಕೆಲಸ ಕಲಿತವರು. ಅವರು ದೇಶ ಬಿಟ್ಟು ಕೆನಡಾಗೆ ಹೋದರು, ಅಲ್ಲಿ ಗಿಲ್ಗಮೇಶನ ಕಥೆಯನ್ನ ಮೂರು ಚಿತ್ರಪುಸ್ತಕಗಳಾಗಿ ಬರೆದು ಹೆಸರು ಮಾಡಿದರು. ಅಪ್ಪ ಕಾಸಾಬ್ಲಾಂಕಾದಲ್ಲಿ ದಾಟಲಾಗದ ಗಡಿಯನ್ನ ಮಗಳು ದಾಟಿದರು. ಅಪ್ಪ ಅದೇ ಊರಿನಲ್ಲಿ ಉಳಿದರು.

1989ರ ಏಪ್ರಿಲ್ 5ರಂದು ಕಾರೆಲ್ ಜೆಮಾನ್ ತೀರಿಕೊಂಡರು, 78ನೇ ವಯಸ್ಸಿನಲ್ಲಿ. ಅದೇ ನವೆಂಬರಿನಲ್ಲಿ ಪ್ರಾಗಿನ ಬೀದಿಗಳಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಚಳವಳಿಗೆ ಆ ಆಡಳಿತ ಬಿತ್ತು. ಏಳು ತಿಂಗಳು ಹೆಚ್ಚು ಬದುಕಿದ್ದರೆ ನೋಡ್ತಿದ್ದರು. ಅವರು ಸತ್ತ ಊರಿನ ಹೆಸರು ದಾಖಲೆಯಲ್ಲಿ ಇನ್ನೂ ಗೊಟ್‌ವಾಲ್ಡೊವ್ ಅಂತಲೇ ಇತ್ತು, ಮರುವರ್ಷ ಅದು ಮತ್ತೆ ಜ್ಲೀನ್ ಆಯ್ತು.

2012ರಲ್ಲಿ ಪ್ರಾಗಿನ ಚಾರ್ಲ್ಸ್ ಸೇತುವೆ ಹತ್ತಿರ ಅವರ ಹೆಸರಿನ ಮ್ಯೂಸಿಯಂ ತೆರೆಯಿತು. ಅಲ್ಲಿ ಬಂದವರು ಸುಮ್ಮನೆ ನೋಡಿ ಹೋಗೋದಿಲ್ಲ, ಆ ಟ್ರಿಕ್ಕುಗಳನ್ನ ತಾವೇ ಮಾಡಿ ನೋಡಬಹುದು. ಹಳೇ ಫಿಲ್ಮುಗಳಲ್ಲಿ ಕೆಲವನ್ನ ಒಂದೊಂದು ಫ್ರೇಮ್ ತೊಳೆದು ಡಿಜಿಟಲ್ ಮಾಡಿದ್ದಾರೆ, ಹಾಗಾಗಿ ಈಗ ಸಿಗೋ ಕಾಪಿಗಳು ಸಖತ್ ಕ್ಲೀನ್ ಆಗಿವೆ.

ಪ್ರಾಗಿಗೆ ಹೋಗೋದು ಸದ್ಯಕ್ಕೆ ನಮ್ಮ ಕೈಲಿ ಆಗೋದಲ್ಲ. ಸೆಕೆಂಡ್ ಇಂಟರ್ನಲ್ಸ್ ಮುಗಿದ ಶನಿವಾರ ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಸಿಗುತ್ತಾ ಅಂತ ಸಂಘದ ಕಡೆಯಿಂದ ಕೇಳ್ತಿದ್ದೀವಿ. ಸಿಕ್ಕರೆ 'ಇನ್ವೆನ್ಷನ್ ಫಾರ್ ಡಿಸ್ಟ್ರಕ್ಷನ್' ಹಾಕೋದು. ಎಂಬತ್ತು ಚಿಲ್ಲರೆ ನಿಮಿಷ, ಕಪ್ಪು ಬಿಳುಪು, ಸಬ್‌ಟೈಟಲ್ ಇರುತ್ತೆ. ಮೊದಲ ಹತ್ತು ನಿಮಿಷ ಕಣ್ಣಿಗೆ ಗೆರೆಗಳೇ ಗೆರೆಗಳು ಅನಿಸಬಹುದು, ಸ್ವಲ್ಪ ತಡ್ಕೊಳ್ಳಿ. ಕನಿಷ್ಠ ರೋಲರ್ ಸ್ಕೇಟ್ ಒಂಟೆಗಳು ಬರೋವರೆಗೆ ಯಾರೂ ಎದ್ದು ಹೋಗಬೇಡಿ.